ಕೊಲಂಬಿಯಾದ ಕರಾವಳಿ ಪೆಟ್ರೊಗೆ ಮತ ಹಾಕಿದ್ದೇಕೆ?

2022ರ ಮೇ 29ರ ರಾತ್ರಿ ಕೊಲಂಬಿಯಾದ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನ ಫಲಿತಾಂಶ ಹೊರಬಿದ್ದಾಗ, ಲೆಕ್ಕ ಬಲ್ಲವರೆಲ್ಲ ಎಡಪಂಥದ ಗುಸ್ತಾವೊ ಪೆಟ್ರೊ ಗೆಲ್ಲುವುದು ಕಷ್ಟವೆಂದೇ ಎಣಿಸಿದರು. ಅವರು ಶೇ 40ರಷ್ಟು ಮತ ಪಡೆದು ಮೊದಲ ಸ್ಥಾನದಲ್ಲಿದ್ದರು, ಅದು ನಿಜ. ಆದರೆ ಎರಡನೆಯ ಸ್ಥಾನಕ್ಕೆ ಹೆಚ್ಚಿನವರು ನಿರೀಕ್ಷಿಸದಿದ್ದ ರೊಡಾಲ್ಫೊ ಹೆರ್ನಾಂಡೆಸ್ ಶೇ 28ರಷ್ಟು ಮತಗಳೊಂದಿಗೆ ನುಗ್ಗಿ ಬಂದಿದ್ದರು. ಸುಮಾರು ಶೇ 24 ಮತ ಪಡೆದು ಮೂರನೆಯವರಾಗಿ ಸೋತ ಬಲಪಂಥೀಯ ಅಭ್ಯರ್ಥಿ ಫೆದೆರಿಕೊ ಗುತಿಯೆರೆಸ್ ಅದೇ ರಾತ್ರಿ ತಮ್ಮ ಬೆಂಬಲ ಹೆರ್ನಾಂಡೆಸ್ ಅವರಿಗೆಂದು ಘೋಷಿಸಿಬಿಟ್ಟರು. ಇಪ್ಪತ್ತೆಂಟಕ್ಕೆ ಇಪ್ಪತ್ತನಾಲ್ಕು ಕೂಡಿಸಿದರೆ ಐವತ್ತು ದಾಟುತ್ತದೆ. ಮೂರು ವಾರಗಳ ನಂತರ, ಜೂನ್ 19ರಂದು ಮೊದಲಿಬ್ಬರ ನಡುವೆ ನಡೆದ ಎರಡನೆಯ ಸುತ್ತಿನಲ್ಲಿ ಈ ಕೂಡುವ ಲೆಕ್ಕ ಸುಳ್ಳಾಯಿತು. ಪೆಟ್ರೊ ಶೇ 50.4ರಷ್ಟು, ಅಂದರೆ ಸುಮಾರು 1 ಕೋಟಿ 12 ಲಕ್ಷ 80 ಸಾವಿರ ಮತ ಪಡೆದರು; ಹೆರ್ನಾಂಡೆಸ್ ಶೇ 47.3ಕ್ಕೆ ನಿಂತರು. ಅಂತರ ಕೇವಲ ಏಳು ಲಕ್ಷ. ಮೊದಲ ಸುತ್ತಿನಲ್ಲಿ 85 ಲಕ್ಷದ ಆಸುಪಾಸಿನಲ್ಲಿದ್ದ ಪೆಟ್ರೊ ಮತಗಳು ಇಪ್ಪತ್ತೊಂದು ದಿನಗಳಲ್ಲಿ 27 ಲಕ್ಷದಷ್ಟು ಹೆಚ್ಚಿದ್ದವು.

ಈ 27 ಲಕ್ಷ ಮತಗಳು ಎಲ್ಲಿಂದ ಬಂದವು, ಏಕೆ ಬಂದವು ಎಂಬ ಪ್ರಶ್ನೆ ಅಂದಿನಿಂದಲೂ ನನ್ನನ್ನು ಕಾಡುತ್ತಿದೆ. ಪ್ರಗತಿಪರರು ಸೋತ ಚುನಾವಣೆಗಳ ಕುರಿತು ನಾವು ಬಹಳಷ್ಟು ಓದಿದ್ದೇವೆ. ಜನ ಏಕೆ ಮರುಳಾದರು, ಯಾರು ಮರುಳು ಮಾಡಿದರು, ಮೊಬೈಲಿನ ಪಾತ್ರವೇನು, ಹಣದ ಪಾತ್ರವೇನು ಎಂಬ ವಿಶ್ಲೇಷಣೆಗಳಿಗೆ ಕೊರತೆಯಿಲ್ಲ. ಪ್ರಗತಿಪರ ಅಭ್ಯರ್ಥಿಯೊಬ್ಬ ಜನಮರುಳು ಮಾತಿನ ಪ್ರಬಲ ಎದುರಾಳಿಯನ್ನು ಸೋಲಿಸಿದಾಗ ಮಾತ್ರ ನಾವು ಸಂತೋಷಪಟ್ಟು ಮುಂದೆ ಸಾಗುತ್ತೇವೆ. ಅದು ಹೇಗಾಯಿತೆಂದು ಅಷ್ಟೇ ಶ್ರದ್ಧೆಯಿಂದ ಕೇಳುವುದಿಲ್ಲ. ಕೊಲಂಬಿಯಾದ ಆ ಚುನಾವಣೆ ಈ ಪ್ರಶ್ನೆಗೆ ಬಹಳ ಒಳ್ಳೆಯ ಉದಾಹರಣೆ. ಏಕೆಂದರೆ ಅಲ್ಲಿ ಯಥಾಸ್ಥಿತಿಯ ಪರವಾಗಿ ಯಾರೂ ನಿಂತಿರಲಿಲ್ಲ. 2002ರಿಂದ ದೇಶದ ರಾಜಕಾರಣವನ್ನು ಆವರಿಸಿಕೊಂಡಿದ್ದ ಬಲಪಂಥೀಯ ಮಾಜಿ ಅಧ್ಯಕ್ಷ ಆಲ್ವಾರೊ ಉರಿಬೆಯವರ ಪ್ರಭಾವ, ಅವರ ಶಿಷ್ಯರಾದ ಆಗಿನ ಅಧ್ಯಕ್ಷ ಇವಾನ್ ದುಕೆ ಆಡಳಿತದ ಕೊನೆಗೆ ಬಹಳ ಕುಗ್ಗಿತ್ತು, ಕಣದಲ್ಲಿ ಉಳಿದ ಇಬ್ಬರೂ ಬದಲಾವಣೆಯ ಹೆಸರಿನಲ್ಲೇ ಮತ ಕೇಳುತ್ತಿದ್ದರು. ಮತದಾರರು ಆರಿಸಬೇಕಾಗಿದ್ದದ್ದು ಯಾವ ಬಗೆಯ ಬದಲಾವಣೆ ಎಂಬುದನ್ನು.

ಹೆರ್ನಾಂಡೆಸ್ ಅವರನ್ನು ವಿದೂಷಕನೆಂದು ತಳ್ಳಿಹಾಕುವುದು ಸುಲಭ, ಆಗ ಬಹಳ ಜನ ಹಾಗೆಯೇ ಮಾಡಿದರು. ಅದು ಸರಿಯಲ್ಲ. ಎಪ್ಪತ್ತೇಳು ವರ್ಷದ ಅವರು ಸಾಂತಾಂದೆರ್ ಪ್ರಾಂತ್ಯದ ಎಂಜಿನಿಯರ್, ಮನೆ ಕಟ್ಟಿಸಿ ಮಾರುವ ಉದ್ಯಮದಲ್ಲಿ ಶ್ರೀಮಂತರಾದವರು. 2016ರಿಂದ 2019ರವರೆಗೆ ಬುಕಾರಮಾಂಗಾ ನಗರದ ಮೇಯರ್ ಆಗಿದ್ದಾಗ ತಮ್ಮ ಸಂಬಳವನ್ನು ದಾನ ಮಾಡಿದರು, ಸಾಲದಲ್ಲಿ ಮುಳುಗಿದ್ದ ಪಾಲಿಕೆಯ ಲೆಕ್ಕವನ್ನು ಹಳಿಗೆ ತಂದರು, ಫೇಸ್‌ಬುಕ್ ನೇರಪ್ರಸಾರದಲ್ಲಿ ಕುಳಿತು ಜನರ ಜೊತೆ ಮಾತನಾಡಿದರು. ಅವರ ಮಗಳನ್ನು 2004ರಲ್ಲಿ ಇ.ಎಲ್.ಎನ್. ಗೆರಿಲ್ಲಾ ಗುಂಪು ಅಪಹರಿಸಿತೆಂದು ಅವರು ಹೇಳುತ್ತಿದ್ದರು. ಆಕೆ ಮರಳಿ ಬರಲೇ ಇಲ್ಲ. ಅಂಥ ಮನುಷ್ಯ, ಯಾವ ದೊಡ್ಡ ಪಕ್ಷದ ಹಂಗೂ ಇಲ್ಲದೆ, ಟಿಕ್‌ಟಾಕ್‌ನ ಚಿಕ್ಕ ವಿಡಿಯೊಗಳಲ್ಲಿ ಕಾಣಿಸಿಕೊಂಡು 'ಕದಿಯಬೇಡಿ, ಸುಳ್ಳಾಡಬೇಡಿ, ದ್ರೋಹ ಬಗೆಯಬೇಡಿ' ಎಂದಷ್ಟೇ ಹೇಳಿದರು. ದೇಶದ ಎಲ್ಲ ಸಮಸ್ಯೆಗಳಿಗೂ ಅವರ ಬಳಿ ಇದ್ದ ಕಾರಣ ಒಂದೇ, ರಾಜಕಾರಣಿಗಳ ಕಳ್ಳತನ. ಪರಿಹಾರವೂ ಒಂದೇ, ಕಳ್ಳರನ್ನು ಓಡಿಸುವುದು. ದಿನಬೆಳಗಾದರೆ ಹಗರಣದ ಸುದ್ದಿ ಓದುವ ಜನರಿಗೆ ಈ ಮಾತು ಮುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದು ಕೋಟಿಗೂ ಮೀರಿದ ಜನ ಅವರಿಗೆ ಮತ ಹಾಕಿದರು, ಅವರಲ್ಲಿ ಬಹುಪಾಲು ಜನರ ಸಿಟ್ಟು ನ್ಯಾಯವಾದದ್ದೇ ಆಗಿತ್ತು.

ಆದರೆ ಆ ಸಿಟ್ಟಿಗೆ ಅವರು ಕೊಟ್ಟ ಉತ್ತರವನ್ನು ಹತ್ತಿರದಿಂದ ನೋಡಿದರೆ ಟೊಳ್ಳು ಕಾಣುತ್ತದೆ. ಅಧಿಕಾರಕ್ಕೆ ಬಂದ ಮೊದಲ ದಿನವೇ ತುರ್ತು ಪರಿಸ್ಥಿತಿ ಘೋಷಿಸಿ ಆಜ್ಞೆಗಳ ಮೂಲಕ ಆಳುವೆನೆಂದರು. ಸಮುದ್ರವನ್ನೇ ಕಾಣದ ಬಡವರಿಗೆಲ್ಲ ಸಮುದ್ರ ತೋರಿಸುವೆನೆಂದರು. ಮೇಯರ್ ಚುನಾವಣೆಗೆ ನಿಂತಾಗ ಬಡವರಿಗೆ ಇಪ್ಪತ್ತು ಸಾವಿರ ಮನೆಗಳ ಭರವಸೆ ನೀಡಿದ್ದರು, ಆ ಮನೆಗಳು ಏಳಲಿಲ್ಲ. ಭ್ರಷ್ಟಾಚಾರದ ವಿರುದ್ಧ ಗುಡುಗುತ್ತಿದ್ದ ಅವರ ಮೇಲೆಯೇ, ಬುಕಾರಮಾಂಗಾದ ಕಸ ವಿಲೇವಾರಿ ಗುತ್ತಿಗೆಗೆ ಸಂಬಂಧಿಸಿದ ಭ್ರಷ್ಟಾಚಾರದ ಮೊಕದ್ದಮೆ ಆಗಲೇ ನಡೆಯುತ್ತಿತ್ತು. 2024ರಲ್ಲಿ ಅದರಲ್ಲಿ ಶಿಕ್ಷೆಯೂ ಆಯಿತು, ಅದೇ ವರ್ಷ ಅವರು ತೀರಿಕೊಂಡರು. ಸರ್ಕಾರದಲ್ಲಿ ಹೆಂಗಸರು ಇರುವುದನ್ನು ಜನ ಇಷ್ಟಪಡುವುದಿಲ್ಲವೆಂದು, ಹೆಂಗಸರು ಮನೆಯಲ್ಲಿದ್ದರೇ ಚೆನ್ನವೆಂದು ಅವರು ಆಡಿದ ಮಾತುಗಳು ಎರಡು ಸುತ್ತುಗಳ ನಡುವೆ ಮತ್ತೆ ಮತ್ತೆ ಬಿತ್ತರವಾದವು. ಕೊನೆಯ ವಾರಗಳಲ್ಲಿ ಅವರು ಎದುರಾಳಿಯ ಜೊತೆ ಚರ್ಚೆಗೆ ಬರಲಿಲ್ಲ. ಚರ್ಚೆ ನಡೆಯಬೇಕೆಂದು ಬೊಗೊಟಾದ ನ್ಯಾಯಾಲಯವೊಂದು ಆದೇಶಿಸಿದರೂ ಅದು ನಡೆಯಲಿಲ್ಲ.

ಇನ್ನು ಪೆಟ್ರೊ. ಅವರನ್ನು ಕೂಡ ಪಾಪ್ಯುಲಿಸ್ಟ್, ಅಂದರೆ ಜನಮರುಳು ರಾಜಕಾರಣಿ ಎಂದು ಕರೆಯುವವರು ಬಹಳ ಮಂದಿ ಇದ್ದಾರೆ, ಅದು ಸಂಪೂರ್ಣ ಸುಳ್ಳಲ್ಲ. ತುಂಬಿದ ಚೌಕದಲ್ಲಿ ಗಂಟೆಗಟ್ಟಲೆ ಮಾತನಾಡುವುದು, ತಮ್ಮನ್ನೇ ಇತಿಹಾಸದ ನಡುವೆ ನಿಲ್ಲಿಸಿಕೊಳ್ಳುವುದು, ಟೀಕೆಯನ್ನು ಸಂಚೆಂದು ನೋಡುವುದು ಅವರ ಸ್ವಭಾವದಲ್ಲಿದೆ. ಎಳೆಯ ವಯಸ್ಸಿನಲ್ಲೇ ಎಂ-19 ಎಂಬ ಗೆರಿಲ್ಲಾ ಸಂಘಟನೆ ಸೇರಿದ್ದವರು, 1985ರಲ್ಲಿ ಸೆರೆ ಸಿಕ್ಕು ಜೈಲು ಕಂಡವರು, ಸಂಘಟನೆ 1990ರಲ್ಲಿ ಶಸ್ತ್ರ ಕೆಳಗಿಟ್ಟ ಮೇಲೆ ಸಂಸತ್ತಿಗೆ ಬಂದವರು. ಸೆನೆಟರ್ ಆಗಿ ರಾಜಕಾರಣಿಗಳಿಗೂ ಬಲಪಂಥದ ಖಾಸಗಿ ಸೇನೆಗಳಿಗೂ ಇದ್ದ ನಂಟನ್ನು ದಾಖಲೆ ಸಮೇತ ಸದನದಲ್ಲಿ ಬಯಲಿಗೆಳೆದದ್ದು ಅವರ ಅತ್ಯುತ್ತಮ ಕೆಲಸವೆಂದು ನಾನು ಭಾವಿಸುತ್ತೇನೆ. ಬೊಗೊಟಾದ ಮೇಯರ್ ಆಗಿ ಅವರ ಆಡಳಿತ ಅಷ್ಟು ಅಚ್ಚುಕಟ್ಟಾಗಿರಲಿಲ್ಲ. 2022ರ ಪ್ರಚಾರದಲ್ಲಿ ಅವರ ಸುತ್ತ ಅರ್ಮಾಂದೊ ಬೆನೆದೆತ್ತಿ, ರೊಯ್ ಬರೇರಾಸ್ ಅವರಂಥ ಹಳೆಯ ಪಕ್ಷಗಳಲ್ಲಿ ಪಳಗಿದ ರಾಜಕಾರಣಿಗಳೂ ಇದ್ದರು. ಆದ್ದರಿಂದ ಮತದಾರರು ಶುದ್ಧಹಸ್ತರೊಬ್ಬರನ್ನು ಆರಿಸಿದರೆಂದು ಹೇಳಲು ಬರುವುದಿಲ್ಲ.

ಇಬ್ಬರ ನಡುವಿನ ನಿಜವಾದ ವ್ಯತ್ಯಾಸ ಬೇರೆಡೆ ಇತ್ತು. ಕೆಲವರ ಕೈಯಲ್ಲೇ ಉಳಿದ ಭೂಮಿ, ಹೆಚ್ಚಿನ ಮುದುಕರಿಗೆ ಸಿಗದ ಪಿಂಚಣಿ, ಶ್ರೀಮಂತರನ್ನು ಮೃದುವಾಗಿ ಮುಟ್ಟುವ ತೆರಿಗೆ, ಎಣ್ಣೆ ಮತ್ತು ಕಲ್ಲಿದ್ದಲಿನ ಮೇಲೆ ನಿಂತ ರಫ್ತು ಎಂದು ಪೆಟ್ರೊ ಹೆಸರಿಟ್ಟು ಹೇಳುತ್ತಿದ್ದರು. ಒಪ್ಪುವವರು ಒಪ್ಪಬಹುದಿತ್ತು, ಬಿಡುವವರು ಬಿಡಬಹುದಿತ್ತು, ಆದರೆ ಅಲ್ಲಿ ವಾದಿಸಲು ಏನೋ ಒಂದು ಇತ್ತು. ಹೆರ್ನಾಂಡೆಸ್ ಅವರ ರಾಜಕಾರಣದಲ್ಲಿ ಮತದಾರನಿಗೆ ನೋಡುವುದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ. ಒಬ್ಬ ಪ್ರಾಮಾಣಿಕ ಮನುಷ್ಯ ಬರುತ್ತಾನೆ, ಗುಡಿಸಿ ಹಾಕುತ್ತಾನೆ, ನೀವು ನಂಬಿ ಕುಳಿತುಕೊಳ್ಳಿ ಎಂಬುದಷ್ಟೇ ಅದರ ತಿರುಳು.

ಈಗ ನಕ್ಷೆಯನ್ನು ನೋಡಬೇಕು. ಪೆಸಿಫಿಕ್ ಕರಾವಳಿಯ ಚೋಕೊ ಮತ್ತು ನರಿನ್ಯೊ ಪ್ರಾಂತ್ಯಗಳಲ್ಲಿ ಪೆಟ್ರೊಗೆ ಶೇ 80ಕ್ಕೂ ಹೆಚ್ಚು ಮತ ಬಿತ್ತು, ಕೌಕಾದಲ್ಲಿ ಅದಕ್ಕೆ ಸಮೀಪ. ಕೆರಿಬಿಯನ್ ಕರಾವಳಿಯ ಅಟ್ಲಾಂಟಿಕೊದಲ್ಲಿ ಮೂರರಲ್ಲಿ ಎರಡು ಪಾಲು, ರಾಜಧಾನಿ ಬೊಗೊಟಾದಲ್ಲಿ ಶೇ 58ಕ್ಕೂ ಹೆಚ್ಚು. ಹೆರ್ನಾಂಡೆಸ್ ತಮ್ಮ ತವರು ಸಾಂತಾಂದೆರ್, ಅದರ ಪಕ್ಕದ ನೊರ್ತೆ ದೆ ಸಾಂತಾಂದೆರ್, ಉರಿಬೆಯವರ ಆಂತಿಯೋಕಿಯಾ, ನಡುನಾಡಿನ ಬೆಟ್ಟಸೀಮೆಗಳನ್ನೆಲ್ಲ ಗೆದ್ದರು. ದೇಶದ ಅಂಚುಗಳೂ ರಾಜಧಾನಿಯೂ ಒಂದು ಕಡೆ, ನಡುವಿನ ಪರ್ವತ ಪ್ರದೇಶ ಇನ್ನೊಂದು ಕಡೆ. ಇಷ್ಟು ಸ್ಪಷ್ಟವಾದ ಗೆರೆ ಒಬ್ಬ ಅಭ್ಯರ್ಥಿಯ ಭಾಷಣದಿಂದಾಗಲಿ ಇನ್ನೊಬ್ಬನ ವಿಡಿಯೊದಿಂದಾಗಲಿ ಹುಟ್ಟುವುದಿಲ್ಲ. ಅದರ ಹಿಂದೆ ಬಹಳ ಹಳೆಯ ಸಂಗತಿಗಳಿರಬೇಕು.

ಚೋಕೊ, ಕೌಕಾ, ನರಿನ್ಯೊಗಳ ಕರಾವಳಿಯಲ್ಲಿ ಬಾಳುವವರು ಹೆಚ್ಚಾಗಿ ಗುಲಾಮರಾಗಿ ಬಂದ ಆಫ್ರಿಕನ್ನರ ಸಂತತಿಯವರು. ಮಳೆಕಾಡು, ನದಿ, ಚಿನ್ನ, ಮೀನು ಇವರ ಬದುಕು. ರಸ್ತೆಗಿಂತ ದೋಣಿಯೇ ಹೆಚ್ಚು ಬಳಕೆ, ಮತಗಟ್ಟೆಗೆ ಹೋಗಲೂ ಹಲವು ಕಡೆ ನದಿಯಲ್ಲೇ ಸಾಗಬೇಕು. ಎಂ-19 ಸಂಘಟನೆಯವರೂ ಸೇರಿ ರೂಪಿಸಿದ 1991ರ ಸಂವಿಧಾನದಲ್ಲಿ ಈ ಸಮುದಾಯಗಳ ನೆಲದ ಹಕ್ಕನ್ನು ಕುರಿತ ಒಂದು ವಿಧಿ ಸೇರಿತು. ಅದರ ಬಲದಿಂದ 1993ರಲ್ಲಿ 70ನೆಯ ಸಂಖ್ಯೆಯ ಕಾನೂನು ಬಂತು. ತಲೆಮಾರುಗಳಿಂದ ಬಾಳಿದ ನೆಲಕ್ಕೆ ಇಡೀ ಸಮುದಾಯದ ಹೆಸರಿನಲ್ಲಿ ಹಕ್ಕುಪತ್ರ ಕೊಡುವ ಕಾನೂನು ಅದು. ಮುಂದಿನ ವರ್ಷಗಳಲ್ಲಿ ಐವತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲ ಹೀಗೆ ಸಮುದಾಯಗಳ ಹೆಸರಿಗೆ ಬಂತು. ಹಕ್ಕುಪತ್ರ ಪಡೆಯಬೇಕಾದರೆ ಊರಿನವರು ಸಮುದಾಯ ಮಂಡಳಿ ರಚಿಸಿಕೊಳ್ಳಬೇಕಿತ್ತು. ಅದರಿಂದಾಗಿ ಸಾವಿರಾರು ಜನ ಸಭೆ ಕರೆಯುವುದನ್ನು, ನಿರ್ಣಯ ಬರೆಯುವುದನ್ನು, ಸರ್ಕಾರಿ ಕಚೇರಿಯಲ್ಲಿ ವಾದಿಸುವುದನ್ನು, ಗಣಿ ಕಂಪನಿಯ ಕಾಗದ ಓದುವುದನ್ನು ಕಲಿತರು. ಇದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಹೀಗೆ ಬೆಳೆದವರಲ್ಲಿ ಫ್ರಾನ್ಸಿಯಾ ಮಾರ್ಕೆಸ್ ಒಬ್ಬರು. 1981ರಲ್ಲಿ ಕೌಕಾದ ಸ್ವಾರೆಸ್ ಬಳಿಯ ಹಳ್ಳಿಯಲ್ಲಿ ಹುಟ್ಟಿ, ಹದಿಹರೆಯದಲ್ಲೇ ತಾಯಿಯಾಗಿ, ನದಿಯ ಮರಳಿನಲ್ಲಿ ಚಿನ್ನ ಸೋಸಿ, ಕಾಲಿ ನಗರದಲ್ಲಿ ಮನೆಗೆಲಸ ಮಾಡಿ, ಮುಂದೆ ಕಾನೂನು ಓದಿದವರು. ಅವರ ಲಾ ತೋಮಾ ಸಮುದಾಯವನ್ನು ಕೇಳದೆಯೇ ಅಲ್ಲಿನ ನೆಲದಲ್ಲಿ ಗಣಿಗಾರಿಕೆಗೆ ಕೊಟ್ಟಿದ್ದ ಪರವಾನಗಿಗಳನ್ನು ಸಂವಿಧಾನ ನ್ಯಾಯಾಲಯ 2010ರಲ್ಲಿ ತಡೆಹಿಡಿಯಿತು. ತೀರ್ಪು ಬಂದರೂ ಅಕ್ರಮ ಗಣಿಯವರ ಯಂತ್ರಗಳು ನದಿಗೆ ಇಳಿಯುವುದು ನಿಲ್ಲಲಿಲ್ಲ. ಆಗ, 2014ರ ನವೆಂಬರಿನಲ್ಲಿ, ತಲೆಗೆ ಪೇಟದಂತೆ ಬಟ್ಟೆ ಸುತ್ತಿಕೊಂಡ ಸುಮಾರು ಎಂಬತ್ತು ಹೆಂಗಸರೊಂದಿಗೆ ಅವರು ತಮ್ಮ ಊರಿನಿಂದ ನೂರಾರು ಕಿಲೋಮೀಟರ್ ದೂರದ ಬೊಗೊಟಾಗೆ ಜಾಥಾ ಹೊರಟು, ಒಳಾಡಳಿತ ಸಚಿವಾಲಯದಲ್ಲಿ ಪಟ್ಟು ಹಿಡಿದು ಕುಳಿತರು. 2018ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. 2019ರಲ್ಲಿ ಅವರಿದ್ದ ಸಭೆಯ ಮೇಲೆ ಗ್ರೆನೇಡ್ ದಾಳಿ ನಡೆದು ಅವರು ಬದುಕಿ ಉಳಿದರು. 2022ರ ಮಾರ್ಚ್ 13ರಂದು ಎಡಪಕ್ಷಗಳ ಒಕ್ಕೂಟದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ ಅವರು ಪೆಟ್ರೊ ಎದುರು ನಿಂತು ಸೋತರು, ಆದರೆ ಗಳಿಸಿದ್ದು ಏಳೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಮತ. ಅದೇ ದಿನ ಮಧ್ಯಪಂಥದ ಒಕ್ಕೂಟದ ಮತದಾನದಲ್ಲಿ ಗೆದ್ದ ಸೆರ್ಹಿಯೊ ಫಹಾರ್ದೊ ಅವರಿಗೆ ಬಿದ್ದ ಮತಗಳು ಅದಕ್ಕಿಂತ ಕಡಿಮೆ. ಪೆಟ್ರೊ ಆಮೇಲೆ ಮಾರ್ಕೆಸ್ ಅವರನ್ನು ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸಿಕೊಂಡದ್ದನ್ನು ಔದಾರ್ಯವೆಂದು ನೋಡಬೇಕಾಗಿಲ್ಲ. ಆ ಮತಗಳು ಅವರನ್ನು ಅಲ್ಲಿ ಕೂರಿಸಿದವು.

ಕಪ್ಪು ಸಮುದಾಯದ ಮತಗಳು ಕಪ್ಪು ಅಭ್ಯರ್ಥಿಗೆ ಹೋದವು, ಅದರಲ್ಲಿ ವಿವರಿಸುವುದೇನಿದೆ ಎಂದು ಇಲ್ಲಿ ಒಬ್ಬರು ಕೇಳಬಹುದು. ಈ ಸರಳ ವಿವರಣೆಯನ್ನು ಒಂದು ಸಂಗತಿ ಒಪ್ಪುವುದಿಲ್ಲ. ಹೆರ್ನಾಂಡೆಸ್ ಅವರ ಉಪಾಧ್ಯಕ್ಷ ಅಭ್ಯರ್ಥಿ ಮಾರೆಲೆನ್ ಕಾಸ್ತಿಯೊ ಕೂಡ ಆಫ್ರಿಕನ್ ಮೂಲದ ಕೊಲಂಬಿಯಾದ ಮಹಿಳೆಯೇ. ಕಾಲಿ ನಗರದವರು, ಓದಿದವರು, ವಿಶ್ವವಿದ್ಯಾಲಯದಲ್ಲಿ ಉನ್ನತ ಹುದ್ದೆಯಲ್ಲಿದ್ದವರು. ಬಣ್ಣ ನೋಡಿಯೇ ಜನ ಮತ ಹಾಕುವುದಾಗಿದ್ದರೆ ಕರಾವಳಿಯ ಮತಗಳು ಇಬ್ಬರ ನಡುವೆ ಹಂಚಿಹೋಗಬೇಕಿತ್ತು. ಐದರಲ್ಲಿ ನಾಲ್ಕು ಪಾಲು ಒಂದೇ ಕಡೆ ಬಿತ್ತು. ಕಾಸ್ತಿಯೊ ಅವರನ್ನು ಅಭ್ಯರ್ಥಿಯೊಬ್ಬರು ತಂದು ನಿಲ್ಲಿಸಿದ್ದರು. ಮಾರ್ಕೆಸ್ ಅವರನ್ನು ಊರವರು ತಮ್ಮ ನದಿಯ ದಡದಲ್ಲಿ, ತಮ್ಮ ಸಭೆಗಳಲ್ಲಿ, ತಮ್ಮ ಜಾಥಾದಲ್ಲಿ ವರ್ಷಗಟ್ಟಲೆ ನೋಡಿದ್ದರು. ಗೆದ್ದ ರಾತ್ರಿಯ ಭಾಷಣದಲ್ಲಿ ಅವರು, ಇದು ಕೈ ಜಡ್ಡುಗಟ್ಟಿದವರ ಸರ್ಕಾರ, ಲೆಕ್ಕಕ್ಕಿಲ್ಲದವರ ಸರ್ಕಾರ ಎಂಬ ಅರ್ಥದ ಮಾತು ಆಡಿದರು. ಅದನ್ನು ಹೇಳುವ ಅಧಿಕಾರ ಅವರಿಗೆ ಯಾವ ಪ್ರಚಾರ ತಂಡದಿಂದಲೂ ಬಂದದ್ದಾಗಿರಲಿಲ್ಲ.

ಬ್ವೆನವೆಂತೂರದ ಕಥೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದು ಪೆಸಿಫಿಕ್ ಸಾಗರದ ಮೇಲೆ ಕೊಲಂಬಿಯಾದ ಪ್ರಮುಖ ಬಂದರು. ದೇಶದ ಸರಕು ಆ ಊರಿನ ಮೂಲಕ ಹಗಲಿರುಳು ಸಾಗುತ್ತದೆ, ಊರಿನ ನಲ್ಲಿಗಳಲ್ಲಿ ಮಾತ್ರ ಆಗ ದಿನಕ್ಕೆ ಕೆಲವೇ ಗಂಟೆ ನೀರು ಬರುತ್ತಿತ್ತು, ಒಳ್ಳೆಯ ಆಸ್ಪತ್ರೆಯಿರಲಿಲ್ಲ, ಖಾಸಗಿ ಸೇನೆಗಳ ಹಿಂಸೆ ಬೇರೆ. 2017ರ ಮೇ ತಿಂಗಳಿನಲ್ಲಿ ಇಡೀ ಊರು ಮುಷ್ಕರ ಹೂಡಿತು. ಅಂಗಡಿಗಳು ಮುಚ್ಚಿದವು, ಬಂದರಿನ ರಸ್ತೆಯಲ್ಲಿ ಲಾರಿಗಳು ನಿಂತವು, ಇಪ್ಪತ್ತೆರಡು ದಿನ ಜನ ಬೀದಿಯಲ್ಲೇ ಇದ್ದರು. ಕೊನೆಗೆ ಸರ್ಕಾರ ಒಪ್ಪಂದಕ್ಕೆ ಬಂತು, ಊರಿನ ಅಭಿವೃದ್ಧಿಗೆಂದೇ ಪ್ರತ್ಯೇಕ ನಿಧಿ ಸ್ಥಾಪಿಸುವ ಕಾನೂನು ಅದೇ ವರ್ಷದ ಡಿಸೆಂಬರಿನಲ್ಲಿ ಆಯಿತು. ಮುಷ್ಕರದ ಮುಂದಾಳುಗಳಲ್ಲಿ ಒಬ್ಬರಾದ ವಿಕ್ತೊರ್ ವಿದಾಲ್ ಅವರನ್ನು 2019ರಲ್ಲಿ ಜನ ಮೇಯರ್ ಆಗಿ ಆರಿಸಿದರು. ಇಷ್ಟೆಲ್ಲವನ್ನೂ ತಾವೇ ಮಾಡಿಕೊಂಡ ಊರಿಗೆ 'ನಾನು ಬಂದು ಕಳ್ಳರನ್ನು ಓಡಿಸುತ್ತೇನೆ' ಎನ್ನುವ ದೂರದ ನಗರದ ಮುದುಕರೊಬ್ಬರ ಮಾತು ಹೇಗೆ ಕೇಳಿಸಿರಬೇಕು? ಅವರಿಗೆ ಕಳ್ಳತನದ ಅರಿವಿರಲಿಲ್ಲವೆಂದಲ್ಲ. ಕಳ್ಳತನ ನಿಂತ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ಅದಕ್ಕೆ ಕೊಳವೆ ಬೇಕು, ಹಣ ಬೇಕು, ಕಾನೂನು ಬೇಕು, ಬೊಗೊಟಾದಲ್ಲಿ ಕಿವಿಗೊಡುವವರು ಬೇಕು ಎಂಬುದನ್ನು ಆ ಇಪ್ಪತ್ತೆರಡು ದಿನಗಳಲ್ಲಿ ಅವರು ಕಲಿತಿದ್ದರು.

ನಗರಗಳ ಯುವಜನರಿಗೆ ಈ ಪಾಠ ಸ್ವಲ್ಪ ತಡವಾಗಿ, ಆದರೆ ಬಹಳ ಕ್ರೂರವಾಗಿ ಸಿಕ್ಕಿತು. ಕೋವಿಡ್‌ನ 2020ರಲ್ಲಿ ಬಡತನದ ಪ್ರಮಾಣ ಶೇ 42.5ಕ್ಕೆ ಏರಿತೆಂದು ಕೊಲಂಬಿಯಾದ ಅಂಕಿಅಂಶ ಇಲಾಖೆಯೇ ಹೇಳಿತು. ಅಂಥ ಹೊತ್ತಿನಲ್ಲಿ, 2021ರ ಏಪ್ರಿಲ್‌ನಲ್ಲಿ, ದುಕೆ ಸರ್ಕಾರ ದಿನಬಳಕೆಯ ವಸ್ತುಗಳನ್ನೂ ಹೆಚ್ಚಿನ ತೆರಿಗೆಗೆ ಒಳಪಡಿಸುವ ಮಸೂದೆ ತಂದಿತು. ಒಂದು ಡಜನ್ ಮೊಟ್ಟೆಗೆ ಎಷ್ಟೆಂದು ಪತ್ರಕರ್ತೆ ಕೇಳಿದಾಗ ಹಣಕಾಸು ಸಚಿವ ಅಲ್ಬೆರ್ತೊ ಕರ್ರಾಸ್ಕಿಯಾ 1,800 ಪೆಸೊ ಎಂದರು. ಅಂಗಡಿಯ ಬೆಲೆ ಅದಕ್ಕಿಂತ ಬಹಳ ಹೆಚ್ಚಿತ್ತು. ಏಪ್ರಿಲ್ 28ರಂದು ರಾಷ್ಟ್ರೀಯ ಮುಷ್ಕರ ಆರಂಭವಾಯಿತು. ಮಸೂದೆ ವಾಪಸಾಯಿತು, ಸಚಿವರು ರಾಜೀನಾಮೆ ಕೊಟ್ಟರು, ಮುಷ್ಕರ ನಿಲ್ಲಲಿಲ್ಲ. ಕಾಲಿ ನಗರದಲ್ಲಿ ಹುಡುಗರು ವಾರಗಟ್ಟಲೆ ರಸ್ತೆಗಳನ್ನು ತಡೆದು ನಿಂತರು, ಅಮ್ಮಂದಿರು ಅಲ್ಲೇ ಒಲೆ ಹೂಡಿ ಅಡುಗೆ ಮಾಡಿ ಬಡಿಸಿದರು. ಪೊಲೀಸರ ಗುಂಡಿಗೆ, ಅಶ್ರುವಾಯು ಶೆಲ್ಲಿನ ಪೆಟ್ಟಿಗೆ ಪ್ರಾಣ ಕಳೆದುಕೊಂಡವರು, ಕಣ್ಣು ಕಳೆದುಕೊಂಡವರು ಅನೇಕರು. ಅದರ ಮರುವರ್ಷವೇ ಚುನಾವಣೆ. ಆ ಬೀದಿಗಳಲ್ಲಿ ನಿಂತವರೆಲ್ಲ ಪೆಟ್ರೊ ಅಭಿಮಾನಿಗಳಾಗಿರಲಿಲ್ಲ, ಹಲವರಿಗೆ ಯಾವ ರಾಜಕಾರಣಿಯ ಮೇಲೂ ವಿಶ್ವಾಸವಿರಲಿಲ್ಲ. ಆದರೆ ಒಟ್ಟಿಗೆ ನಿಂತು ಒಂದು ಮಸೂದೆಯನ್ನು ಹಿಂದಕ್ಕೆ ಕಳುಹಿಸಿದ ಅನುಭವ ಅವರಿಗಿತ್ತು. ಕಾಲಿ ಇರುವ ವಾಯೆ ದೆಲ್ ಕೌಕಾ ಪ್ರಾಂತ್ಯದಲ್ಲಿ ಪೆಟ್ರೊಗೆ ಶೇ 60 ದಾಟಿ ಮತ ಬಿತ್ತು.

ಇನ್ನೊಂದು ನಕ್ಷೆಯೂ ಇದೆ. 2016ರ ಅಕ್ಟೋಬರ್ 2ರಂದು ದಶಕಗಳ ಕಾಲ ಸರ್ಕಾರದ ವಿರುದ್ಧ ಕಾದಾಡಿದ ಫಾರ್ಕ್ ಗೆರಿಲ್ಲಾಗಳೊಂದಿಗಿನ ಶಾಂತಿ ಒಪ್ಪಂದದ ಮೇಲೆ ಜನಮತಗಣನೆ ನಡೆದಾಗ 'ಬೇಡ' ಎಂದವರು ಕೂದಲೆಳೆಯ ಅಂತರದಿಂದ ಗೆದ್ದರು. ಆಗ 'ಬೇಕು' ಎಂದ ಪ್ರದೇಶಗಳೂ 2022ರಲ್ಲಿ ಪೆಟ್ರೊಗೆ ಮತ ಹಾಕಿದ ಪ್ರದೇಶಗಳೂ ಬಹುಮಟ್ಟಿಗೆ ಒಂದೇ. ಚೋಕೊದ ಬೊಹಾಯಾ ಎಂಬ ಊರಿನಲ್ಲಿ 2002ರ ಮೇ 2ರಂದು ಚರ್ಚಿನಲ್ಲಿ ಆಶ್ರಯ ಪಡೆದಿದ್ದ ಜನರ ಮೇಲೆ ಫಾರ್ಕ್ ಎಸೆದ ಸಿಲಿಂಡರ್ ಬಾಂಬ್ ಬಿದ್ದು ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಅದೇ ಬೊಹಾಯಾದಲ್ಲಿ ಶೇ 95ಕ್ಕೂ ಹೆಚ್ಚು ಜನ, ತಮ್ಮವರನ್ನು ಕೊಂದವರೊಂದಿಗಿನ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಇದನ್ನು ಓದಿದಾಗ ನನಗೆ ಮಾತೇ ಹೊರಡಲಿಲ್ಲ. ಯುದ್ಧ ಬೇಕೆಂದವರು ಹೆಚ್ಚಾಗಿ ಯುದ್ಧವನ್ನು ಟಿವಿಯಲ್ಲಿ ಕಂಡವರು. ಅದು ಹೊಸ್ತಿಲವರೆಗೆ ಬಂದಿದ್ದವರಿಗೆ ಅದು ನಿಂತರೆ ಸಾಕಾಗಿತ್ತು. ದುಕೆ ಸರ್ಕಾರ ಒಪ್ಪಂದವನ್ನು ಅರೆಮನಸ್ಸಿನಿಂದ ನಡೆಸಿಕೊಂಡಿತೆಂಬ ನೋವು 2022ರ ಹೊತ್ತಿಗೆ ಈ ಊರುಗಳಲ್ಲಿ ಗಟ್ಟಿಯಾಗಿತ್ತು.

ಹೆರ್ನಾಂಡೆಸ್ ಕಡೆ ಹೋದ ಮತಗಳಿಗೂ ಕಾರಣಗಳಿದ್ದವು, ಅವುಗಳಲ್ಲಿ ಭಯ ದೊಡ್ಡದು. ಎಡಪಂಥದ ಆಡಳಿತದಲ್ಲಿದ್ದ ನೆರೆಯ ವೆನೆಜುವೆಲಾದ ಆರ್ಥಿಕತೆ ಕುಸಿದ ಮೇಲೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಕೊಲಂಬಿಯಾಗೆ ಬಂದಿದ್ದರು. ಗಡಿಯ ನೊರ್ತೆ ದೆ ಸಾಂತಾಂದೆರ್‌ನವರು ಹಸಿದ ಕುಟುಂಬಗಳು ಗಂಟುಮೂಟೆ ಹೊತ್ತು ನಡೆದು ಹೋಗುವುದನ್ನು ದಿನವೂ ಕಂಡಿದ್ದರು, ಎಡಪಂಥ ಗೆದ್ದರೆ ನಮಗೂ ಇದೇ ಗತಿ ಎಂಬ ಮಾತನ್ನು ಅವರು ನಂಬಿದ್ದನ್ನು ಅಜ್ಞಾನವೆಂದು ಕರೆಯಲಾಗದು. ಅಲ್ಲಿ ಹೆರ್ನಾಂಡೆಸ್ ಪಡೆದದ್ದು ಸುಮಾರು ಶೇ 78. ಕಾಫಿ ಸೀಮೆಯ ಕಾಲ್ದಾಸ್, ರಿಸಾರಾಲ್ದಾ, ಕಿಂದಿಯೊಗಳೂ ಅವರೊಂದಿಗೇ ನಿಂತವು. ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೆ ಕೊಲಂಬಿಯಾವೆಂದರೆ ತಮ್ಮ ಅರೇಬಿಕಾ ಬೆಲೆಯನ್ನು ಏರಿಸಿ ಇಳಿಸುವ ದೇಶಗಳಲ್ಲಿ ಒಂದು. ಆ ಬೆಟ್ಟಗಳಲ್ಲಿ ಚಿಕ್ಕ ಹಿಡುವಳಿಯ ಬೆಳೆಗಾರರು 1927ರಿಂದಲೂ ಒಕ್ಕೂಟ ಕಟ್ಟಿಕೊಂಡು ಬಂದವರು, ಕೈಯಲ್ಲಿರುವ ತೋಟ ಕಳೆದುಕೊಳ್ಳುವ ಚಿಂತೆ ಅವರಿಗೆ ನಿಜವಾದ ಚಿಂತೆ. ಪೆಟ್ರೊ ಈ ಭಯವನ್ನು ಬಲ್ಲವರಾಗಿದ್ದರಿಂದಲೇ, ಯಾರ ಆಸ್ತಿಯನ್ನೂ ಮುಟ್ಟುಗೋಲು ಹಾಕಿಕೊಳ್ಳುವುದಿಲ್ಲವೆಂದು ಏಪ್ರಿಲ್‌ನಲ್ಲಿ ನೋಟರಿಯ ಮುಂದೆ ಸಹಿ ಹಾಕಿಕೊಟ್ಟರು. ಅದು ಎಲ್ಲರ ಭಯವನ್ನೂ ಕಳೆಯಲಿಲ್ಲ. ಸಂಘಟನೆಯೊಂದು ಇದ್ದ ಮಾತ್ರಕ್ಕೆ ಜನ ಪ್ರಗತಿಪರರಿಗೆ ಮತ ಹಾಕುತ್ತಾರೆಂಬ ಸರಳ ಸೂತ್ರವನ್ನೂ ಕಾಫಿ ಸೀಮೆ ಮುರಿಯುತ್ತದೆ. ಇರುವುದನ್ನು ಉಳಿಸಿಕೊಳ್ಳಲು ಕಟ್ಟಿದ ಒಕ್ಕೂಟಕ್ಕೂ ಇಲ್ಲದ್ದನ್ನು ಪಡೆಯಲು ಕಟ್ಟಿದ ಮಂಡಳಿಗೂ ರಾಜಕೀಯ ಬೇರೆ ಬೇರೆ.

ಭಯ ಇನ್ನೊಂದು ಕಡೆಯೂ ಇತ್ತು, ಅದು ಸಾವಿನ ಭಯ. ಜನನಾಯಕ ಹೊರ್ಹೆ ಎಲಿಯೆಸೆರ್ ಗೈತಾನ್ ಅವರನ್ನು 1948ರ ಏಪ್ರಿಲ್ 9ರಂದು ಬೊಗೊಟಾದ ಬೀದಿಯಲ್ಲಿ ಗುಂಡಿಟ್ಟು ಕೊಂದ ದಿನದಿಂದ ಕೊಲಂಬಿಯಾದಲ್ಲಿ ಸುಧಾರಣೆಯ ಮಾತಾಡುವ ಅಭ್ಯರ್ಥಿಗಳ ಬೆನ್ನಿಗೆ ಸಾವು ಬಿದ್ದಿದೆ. 1989ರ ಆಗಸ್ಟಿನಿಂದ 1990ರ ಏಪ್ರಿಲ್‌ವರೆಗಿನ ಒಂಬತ್ತು ತಿಂಗಳೊಳಗೆ ಲೂಯಿಸ್ ಕಾರ್ಲೋಸ್ ಗಲಾನ್, ಬೆರ್ನಾರ್ದೊ ಹರಮಿಯೊ, ಕಾರ್ಲೋಸ್ ಪಿಸಾರೊ ಎಂಬ ಮೂವರು ಅಧ್ಯಕ್ಷೀಯ ಅಭ್ಯರ್ಥಿಗಳನ್ನು ಕೊಲ್ಲಲಾಯಿತು. ಉನಿಯೊನ್ ಪತ್ರಿಯೊತಿಕಾ ಎಂಬ ಎಡಪಕ್ಷದ ಸಾವಿರಾರು ಕಾರ್ಯಕರ್ತರನ್ನು ಹುಡುಕಿ ಹುಡುಕಿ ಕೊಂದರು. 2022ರಲ್ಲೂ ಪೆಟ್ರೊ ಗುಂಡು ತಡೆಯುವ ಗುರಾಣಿಗಳ ನಡುವೆ ನಿಂತು ಮಾತನಾಡುತ್ತಿದ್ದರು, ಕೊಲೆ ಸಂಚಿನ ಸುದ್ದಿ ಬಂದು ಮೇ ತಿಂಗಳ ಆರಂಭದಲ್ಲಿ ಕಾಫಿ ಸೀಮೆಯ ಪ್ರವಾಸವನ್ನೇ ಕೈಬಿಟ್ಟರು. ಇಂಥ ದೇಶದ ಹಳ್ಳಿಗಳಲ್ಲಿ ಎಡಪಂಥಕ್ಕೆ ಮತ ಕೇಳುವುದೇ ಜೀವವನ್ನು ಪಣಕ್ಕಿಡುವ ಕೆಲಸ. ಆಗಸ್ಟ್ 7ರಂದು ಪೆಟ್ರೊ ಅವರ ಎದೆಗೆ ಅಧ್ಯಕ್ಷ ಪದವಿಯ ಪಟ್ಟಿ ತೊಡಿಸಿದವರು ಆ ಕಾರ್ಲೋಸ್ ಪಿಸಾರೊ ಅವರ ಮಗಳು, ಸೆನೆಟರ್ ಮರಿಯಾ ಹೊಸೆ ಪಿಸಾರೊ.

ಎರಡು ಸುತ್ತುಗಳ ನಡುವಿನ ಮೂರು ವಾರಗಳಲ್ಲಿ ಏನು ನಡೆಯಿತೆಂದು ಈಗ ಹೇಳುವುದು ಸುಲಭ. ಪೆಟ್ರೊ ದೊಡ್ಡ ಚೌಕಗಳ ಸಭೆಗಳನ್ನು ಬಿಟ್ಟು ಸಾಮಾನ್ಯರ ಮನೆಗಳಿಗೆ ಹೋದರು. ಬೊಗೊಟಾದ ಮಾಜಿ ಮೇಯರ್ ಆಂತಾನಾಸ್ ಮೋಕುಸ್, ಮೊದಲ ಸುತ್ತಿಗೂ ಮುಂಚೆ ಕಣದಲ್ಲಿದ್ದ ಅಲೆಹಾಂದ್ರೊ ಗವಿರಿಯಾ ಅವರಂಥ ಮಧ್ಯಪಂಥದವರು ಅವರ ಕಡೆ ಬಂದರು. ಹೆರ್ನಾಂಡೆಸ್ ಅವರ ಕಡೆಗೆ ಉರಿಬೆ ಬಳಗ, ಹಳೆಯ ಪಕ್ಷಗಳು, ಹಣವುಳ್ಳವರು ಸಾಲುಗಟ್ಟಿ ಬಂದರು; ಎಲ್ಲ ಕಳ್ಳರನ್ನೂ ಓಡಿಸುವೆನೆಂದವರ ಹಿಂದೆ, ಜನ ಯಾರನ್ನು ಕಳ್ಳರೆಂದು ಬೈಯುತ್ತಿದ್ದರೋ ಅವರೇ ನಿಂತಂತಾಯಿತು. ಒಟ್ಟು ಮತದಾನ ಶೇ 55ರಿಂದ 58ಕ್ಕೆ ಏರಿತು, ಮೊದಲ ಸುತ್ತಿಗಿಂತ ಹನ್ನೆರಡು ಲಕ್ಷದಷ್ಟು ಹೆಚ್ಚು ಜನ ಬಂದು ಮತ ಹಾಕಿದರು. ಆದರೆ ಈ ಮೂರು ವಾರಗಳ ಚಾಣಾಕ್ಷತೆಯಿಂದಲೇ ಗೆಲುವು ಬಂತೆಂದು ಬರೆಯುವವರನ್ನು ನಾನು ಒಪ್ಪುವುದಿಲ್ಲ. ಚೋಕೊದ ನದಿಗಳ ಮೇಲಿನ ಊರಿನಿಂದ ಒಬ್ಬಾಕೆಯನ್ನು ಎರಡನೆಯ ಸಲ ಮತಗಟ್ಟೆಗೆ ಕರೆದೊಯ್ಯಲು ಟಿವಿ ಜಾಹೀರಾತು ಸಾಲದು, ಆಕೆಯ ನೆರೆಯವರು ಕರೆಯಬೇಕು, ಸಮುದಾಯ ಮಂಡಳಿಯವರು ದೋಣಿ ಹೊಂದಿಸಬೇಕು. ಆ ನೆರೆಹೊರೆ, ಆ ಮಂಡಳಿ 1993ರಿಂದ ಕಟ್ಟಿಕೊಂಡು ಬಂದದ್ದು. ಪೆಟ್ರೊ ಅದನ್ನು ಕಟ್ಟಲಿಲ್ಲ, ಅದರೊಳಗೆ ಬಂದು ಸೇರಿಕೊಂಡರು, ಮಾರ್ಕೆಸ್ ಅವರನ್ನು ಜೊತೆಗೆ ನಿಲ್ಲಿಸಿಕೊಳ್ಳುವ ಮೂಲಕ ಅದರ ಋಣವನ್ನು ಒಪ್ಪಿಕೊಂಡರು.

ಹೀಗೆ ನೋಡಿದಾಗ, ಜನಮರುಳು ರಾಜಕಾರಣಿಯನ್ನು ಎದುರಿಸಲು ಇನ್ನೂ ಚುರುಕಾದ ವಿಡಿಯೊ, ಇನ್ನೂ ಖಾರವಾದ ಘೋಷಣೆ ಬೇಕೆಂದು ನಂಬುವ ಪ್ರಗತಿಪರ ಗೆಳೆಯರ ಮಾತು ನನಗೆ ಹಿಡಿಸುವುದಿಲ್ಲ. ಸಿಟ್ಟು ಎರಡೂ ಕಡೆ ಇತ್ತು. ಒಂದು ಕಡೆ ಆ ಸಿಟ್ಟು ಒಬ್ಬೊಬ್ಬರ ಮನೆಯಲ್ಲಿ, ಒಬ್ಬೊಬ್ಬರ ಫೋನಿನಲ್ಲಿ ಕುಳಿತಿತ್ತು, ಅದನ್ನು ಒಬ್ಬ ಗಟ್ಟಿ ದನಿಯ ಮನುಷ್ಯ ಬಂದು ಒಟ್ಟುಗೂಡಿಸಬಲ್ಲವನಾಗಿದ್ದ. ಇನ್ನೊಂದು ಕಡೆ ಅದೇ ಸಿಟ್ಟು ಸಭೆಯಾಗಿ, ಅರ್ಜಿಯಾಗಿ, ಮೊಕದ್ದಮೆಯಾಗಿ, ಜಾಥಾ ಆಗಿ, ಬೀದಿಯಲ್ಲಿ ಹಂಚಿದ ಅನ್ನವಾಗಿ ಈಗಾಗಲೇ ಬದುಕಿನಲ್ಲಿ ಬೆರೆತುಹೋಗಿತ್ತು. ಅಂಥ ಜನರಿಗೆ ಉದ್ಧಾರಕ ಬೇಕಿರಲಿಲ್ಲ, ತಮ್ಮ ಕೆಲಸವನ್ನು ರಾಜಧಾನಿಯಲ್ಲಿ ಮುಂದುವರಿಸುವ ಒಬ್ಬ ಪ್ರತಿನಿಧಿ ಬೇಕಿತ್ತು.

ಆದ್ದರಿಂದಲೇ ಅವರು ಕೊಟ್ಟ ಬೆಂಬಲ ಷರತ್ತಿನದ್ದಾಗಿತ್ತು. ಸೋತ ಸಂಜೆಯೇ ಹೆರ್ನಾಂಡೆಸ್ ಫಲಿತಾಂಶವನ್ನು ಒಪ್ಪಿಕೊಂಡರು, ಅದನ್ನು ಅವರ ಹಿರಿಮೆಯಾಗಿ ನೆನೆಯಬೇಕು. ಆದರೆ ಗೆದ್ದವರ ಹಾದಿ ಸುಗಮವಾಗಲಿಲ್ಲ. 2022ರ ನವೆಂಬರಿನಲ್ಲಿ ತೆರಿಗೆ ಸುಧಾರಣೆ ಸಂಸತ್ತಿನಲ್ಲಿ ಗೆದ್ದಿತು, 2024ರ ಏಪ್ರಿಲ್‌ನಲ್ಲಿ ಆರೋಗ್ಯ ಸುಧಾರಣೆ ಸೆನೆಟ್ ಸಮಿತಿಯಲ್ಲಿ ಬಿದ್ದುಹೋಯಿತು. ಪೆಟ್ರೊ ಅವರ ಮಗನನ್ನೇ 2023ರ ಜುಲೈಯಲ್ಲಿ ಅಕ್ರಮ ಹಣದ ಆರೋಪದ ಮೇಲೆ ಬಂಧಿಸಲಾಯಿತು. ಅದೇ ವರ್ಷದ ಅಕ್ಟೋಬರಿನ ಸ್ಥಳೀಯ ಚುನಾವಣೆಯಲ್ಲಿ, ಹದಿನಾರು ತಿಂಗಳ ಹಿಂದೆ ಪೆಟ್ರೊಗೆ ಅಷ್ಟು ಮತ ಕೊಟ್ಟಿದ್ದ ಬೊಗೊಟಾ, ಅವರ ಅಭ್ಯರ್ಥಿಯನ್ನು ಮೂರನೆಯ ಸ್ಥಾನಕ್ಕೆ ದೂಡಿ, ಕೊಲೆಯಾದ ಗಲಾನ್ ಅವರ ಮಗ ಕಾರ್ಲೋಸ್ ಫೆರ್ನಾಂದೊ ಗಲಾನ್ ಅವರನ್ನು ಮೇಯರ್ ಆಗಿ ಆರಿಸಿತು. ಮಾರ್ಕೆಸ್ ಅವರಿಗೆಂದು ಸೃಷ್ಟಿಸಿದ ಸಮಾನತೆ ಸಚಿವಾಲಯದ ಕಾನೂನನ್ನು, ಅದರ ಖರ್ಚಿನ ಲೆಕ್ಕ ಮಂಡಿಸದೆ ಅಂಗೀಕರಿಸಿದ ಕಾರಣಕ್ಕೆ ಸಂವಿಧಾನ ನ್ಯಾಯಾಲಯ 2024ರಲ್ಲಿ ಅಸಿಂಧುಗೊಳಿಸಿತು, ಸಚಿವಾಲಯಕ್ಕೆ ಕೆಲ ಕಾಲಾವಕಾಶ ಮಾತ್ರ ಉಳಿಯಿತು. ಅವರಿಗೂ ಪೆಟ್ರೊಗೂ ನಡುವೆ ಬಿರುಕು ಬಹಿರಂಗವಾಯಿತು, 2025ರ ಆರಂಭದಲ್ಲಿ ಅವರು ಆ ಸಚಿವ ಸ್ಥಾನವನ್ನು ಬಿಟ್ಟರು.

ಇವನ್ನೆಲ್ಲ 2022ರ ಮತದಾರರು ತಪ್ಪು ಮಾಡಿದರೆಂಬುದಕ್ಕೆ ಪುರಾವೆಯಾಗಿ ಹಿಡಿಯುವವರಿದ್ದಾರೆ. ನನ್ನ ಓದು ಬೇರೆ. ನಂಬಿದವನನ್ನು ಹೊತ್ತು ಮೆರೆಸುವುದಕ್ಕಾಗಿ ಕರಾವಳಿಯವರು ಮತ ಹಾಕಿರಲಿಲ್ಲ. ಸರ್ಕಾರ ತಮ್ಮದೇ ಆಗಿದ್ದರೂ ನೀರು, ಆಸ್ಪತ್ರೆ, ಗಣಿ, ಶಾಂತಿ ಒಪ್ಪಂದದ ಜಾರಿ ಇವುಗಳ ಕುರಿತ ಅವರ ಪಟ್ಟಿ ಹಾಗೆಯೇ ಇದೆ. ಹೆರ್ನಾಂಡೆಸ್ ಕಟ್ಟಿದ ಒಕ್ಕೂಟ ಅವರ ಜೊತೆಗೇ ಮುಗಿಯಿತು, ಅದನ್ನು ಇಂದು ಕೊಲಂಬಿಯಾದ ರಾಜಕಾರಣದಲ್ಲಿ ಹುಡುಕಿದರೂ ಸಿಗುವುದು ಕಷ್ಟ. 70ನೆಯ ಕಾನೂನಿನಡಿ ಹುಟ್ಟಿದ ಸಮುದಾಯ ಮಂಡಳಿಗಳು ಪೆಟ್ರೊಗಿಂತ ಮುಂಚೆಯೂ ಇದ್ದವು, ಪೆಟ್ರೊ ಅವಧಿ ಮುಗಿದ ಮೇಲೂ ತಮ್ಮ ನದಿಗಳ ದಡದಲ್ಲಿ ಸಭೆ ಸೇರುತ್ತವೆ, ಮುಂದಿನ ಅಭ್ಯರ್ಥಿಗೂ ಅದೇ ಪಟ್ಟಿಯನ್ನೇ ಓದಿ ಹೇಳುತ್ತವೆ.